ಜೀವನಾಂಶದಲ್ಲಿ ‘ಅಂಶ’ ಅಂತಿದೆ, ಸ್ವಾಮಿ

ಮಲೇಬೆನ್ನೂರಿನ ಓದುಗರೊಬ್ಬರು ಬರೆದಿದ್ದಾರೆ: ‘ನಮ್ಮ ಪಕ್ಕದ ಬೀದಿಯ ಅಜ್ಜಿ ಮಗನ ಮೇಲೆ ಎಸಿ (ಉಪವಿಭಾಗಾಧಿಕಾರಿ) ಕಚೇರಿಗೆ ಅರ್ಜಿ ಹಾಕಿದ್ದಾರೆ. ತಾವೇ ಗದ್ದೆ ಬರೆದುಕೊಟ್ಟು ಈಗ ಜೀವನಾಂಶ ಕೇಳುತ್ತಿದ್ದಾರೆ. ಮದುವೆಯಾಗಿ ಹೋದ ಮಗಳನ್ನೂ ಎಳೆದಿದ್ದಾರೆ. ಹೆತ್ತ ಕರುಳು ಹೀಗೆ ಮಾಡಬಹುದೇ? ಊರ ಹಿರಿಯರ ಮುಂದೆ ಮುಗಿಸಬಹುದಿತ್ತಲ್ಲ?’

ಸ್ವಾಮಿ, ಮೊದಲಿಗೆ ನಿಮ್ಮ ಅಕ್ಷರಕ್ಕೆ ನಮಸ್ಕಾರ. ಇಷ್ಟು ದುಂಡಗಿನ ಬರಹ ನೋಡಿ ಬಹಳ ದಿನವಾಗಿತ್ತು. ಮಗನಿಗೂ ಕಷ್ಟ ಇರಬಹುದು, ಒಪ್ಪಿದೆ. ನಾಲೆ ನೀರು ಕೊನೆಯ ಗದ್ದೆ ಮುಟ್ಟಲ್ಲ, ಸೊಸೈಟಿ ಸಾಲ ತಲೆ ಮೇಲೆ. ಆದರೆ ಅಜ್ಜಿಗೆ ಹಸಿವಾಗೋದು ನಾಲೆಗೆ ನೀರು ಬಿಟ್ಟ ದಿನ ಮಾತ್ರವಾ?

ಪದವನ್ನೇ ನೋಡಿ. ಜೀವನಾಂಶ. ಅಂಶ ಅಂದರೆ ಪಾಲು, ಭಿಕ್ಷೆ ಅಲ್ಲ. ಹೆಂಡತಿ, ಮಕ್ಕಳು, ತಂದೆತಾಯಿ ಮೂವರಿಗೂ ಜೀವನಾಂಶ ಕೊಡಿಸುತ್ತಿದ್ದ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಂ 2024ರ ಜುಲೈನಿಂದ ಹೊಸ ಸಂಹಿತೆಯಲ್ಲಿ 144 ಆಗಿದೆ. ಹಿರಿಯರಿಗೆ 2007ರ ಕಾಯ್ದೆ ಬೇರೆ ಇದೆ. ತಿಂಗಳಿಗೆ ಹೆಚ್ಚೆಂದರೆ 10,000 ರೂಪಾಯಿ. ಇಂದಿನ ಮಾತ್ರೆ, ಹಾಲು, ಅಕ್ಕಿ ಲೆಕ್ಕಕ್ಕೆ ಅದೇನು ಜಾಸ್ತಿ ಅಲ್ಲ. ಮಗಳ ಮಾತು ಎತ್ತಿದಿರಿ. ಮದುವೆಯಾದ ಮಗಳೂ ನೋಡಿಕೊಳ್ಳಬೇಕು ಅಂತ ಸುಪ್ರೀಂ ಕೋರ್ಟ್ 1987ರಲ್ಲೇ ಹೇಳಿ ಆಗಿದೆ.

ನನಗೆ ಸಿಟ್ಟು ಬರುವುದು ದಾನಪತ್ರದ ವಿಷಯದಲ್ಲಿ. ನನ್ನ ಸೋದರತ್ತೆ ದಾವಣಗೆರೆಯ ಮನೆಯನ್ನು ಮಗನ ಹೆಸರಿಗೆ ಮಾಡಿಕೊಟ್ಟಿದ್ದರು. ಆಮೇಲೆ ಪತ್ರ ತಂದು ‘ಓದಪ್ಪ’ ಅಂದರು. ಚಕ್ಕುಬಂದಿ ಒಂದು ಪುಟ, ‘ಪ್ರೀತಿ ವಿಶ್ವಾಸದಿಂದ’ ಅನ್ನೋದು ಮೂರು ಸಲ. ಎಲ್ಲ ಕೇಳಿ, ಸೆರಗಿನ ತುದಿ ಸುತ್ತುತ್ತಾ ಕೇಳಿದರು: ‘ನನ್ ಊಟದ ಮಾತು ಎಲ್ಲೈತಪ್ಪ ಇದರಾಗೆ?’

ಎಲ್ಲೂ ಇರಲಿಲ್ಲ. ಬರೆಸಲು ನಾಚಿಕೆ ಆಯ್ತಂತೆ. ನೋಡಿಕೊಳ್ಳಬೇಕು ಅನ್ನುವ ಷರತ್ತು ಇದ್ದು, ಮಗ ತಪ್ಪಿದರೆ ಆ ಪತ್ರ ರದ್ದು ಮಾಡಿಸಬಹುದು. ಷರತ್ತೇ ಇಲ್ಲದಿದ್ದರೆ ಕಷ್ಟ ಅಂತ 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2025ರ ಜನವರಿಯಲ್ಲಿ ಇನ್ನೊಬ್ಬ ತಾಯಿಗೆ ಆಸ್ತಿ ವಾಪಸ್ ಕೊಡಿಸಿತು. ಅಲ್ಲಿ ಮಗ ಬೇರೆ ಕಾಗದದಲ್ಲಿ ಮಾತು ಕೊಟ್ಟಿದ್ದ. ಒಂದು ಸಾಲಿನ ಬೆಲೆ ನೋಡಿ! ಬೆಣ್ಣೆ ದೋಸೆಗೆ ಬೆಣ್ಣೆ ಕಮ್ಮಿ ಆದರೆ ಜಗಳ ತೆಗೆಯುವ ಊರು ನಮ್ಮದು. ಮನೆ ಬರೆದುಕೊಡುವಾಗ ಮಾತ್ರ ಸುಮ್ನೆ ಹೆಬ್ಬೆಟ್ಟು ಒತ್ತುತ್ತೇವೆ.

ಊರ ಹಿರಿಯರು ಅಂದಿರಿ. ಅಕ್ಟೋಬರ್ 1, ವೃದ್ಧರ ದಿನ ಬಂದರೆ ಇದೇ ಹಿರಿಯರು ಮುದುಕರಿಗೆ ಶಾಲು ಹೊದಿಸಿ ನಮಗೆ ಫೋಟೊ ಕಳಿಸುತ್ತಾರೆ. ನಾವೂ ಹಾಕುತ್ತೇವೆ, ಸುಳ್ಳು ಯಾಕೆ. ಅತ್ತೆಗೂ ಅಂಥದ್ದೊಂದು ಶಾಲು ಸಿಕ್ಕಿತ್ತು. ಅದನ್ನೇ ತಲೆದಿಂಬು ಮಾಡಿಕೊಂಡು ಮಗಳ ಮನೆ ಪಡಸಾಲೆಯಲ್ಲಿ ಮಲಗುತ್ತಿದ್ದರು.

ನಿಮಗೊಂದು ಕೆಲಸ ಹೇಳಲಾ? ಅಜ್ಜಿಯ ವಿಚಾರಣೆ ದಿನ ಜೊತೆಗೆ ಬಸ್ ಹತ್ತಿ. ಅಲ್ಲಿ ವಕೀಲರೇ ಬೇಕು ಅಂತಿಲ್ಲ. ಕಾಗದ ಓದಿ ಹೇಳುವವರು, ನಾಲ್ಕು ಸಾಲು ಬರೆದುಕೊಡುವವರು ಬೇಕು. ನಿಮ್ಮ ಅಕ್ಷರ ಚೆನ್ನಾಗಿದೆ ಅಂತ ಆಗಲೇ ಹೇಳಿದೆನಲ್ಲ.

– ಸಂ.