ಮೊದಲು ಸನ್‌ಸ್ಕ್ರೀನ್, ಆಮೇಲೆ ಪೆಪ್ಟೈಡ್

ಅಕ್ಕಾ, ಕಣ್ಣಿನ ಪಕ್ಕದ ಗೆರೆಗೆ 1,800 ರೂಪಾಯಿಯ ಪೆಪ್ಟೈಡ್ ಸೀರಂ ತಗೊಳ್ಳಲಾ ಅಂತ ಕೇಳಿದ್ದೀರಿ. ದಿನಾ ಹರಿಹರದಿಂದ ದಾವಣಗೆರೆಗೆ ಸ್ಕೂಟಿಯಲ್ಲಿ ಓಡಾಡುತ್ತೇನೆ, ಸನ್‌ಸ್ಕ್ರೀನ್ ಹಚ್ಚುವ ಅಭ್ಯಾಸ ಇಲ್ಲ ಅಂತಲೂ ಬರೆದಿದ್ದೀರಿ. ನನ್ನ ಉತ್ತರ ಆ ಎರಡನೇ ಮಾತಿನಿಂದಲೇ ಶುರು.

ಈ ತಿಂಗಳು ಸೀರಂ ಬೇಡ. ಎಸ್‌ಪಿಎಫ್ (ಬಿಸಿಲಿನಿಂದ ಎಷ್ಟು ರಕ್ಷಣೆ ಅನ್ನುವ ಅಳತೆ) 30 ಅಥವಾ 50ರ ಸನ್‌ಸ್ಕ್ರೀನ್ ತಗೊಳ್ಳಿ. ನಮ್ಮಮ್ಮ ಚಳ್ಳಕೆರೆ ಕಡೆ ಶೇಂಗಾ ಹೊಲದಲ್ಲಿ ದುಡಿದವರು. ರವಿಕೆ ತೋಳು ಮುಚ್ಚಿದ ಚರ್ಮ ಇವತ್ತಿಗೂ ನುಣುಪು, ಮೊಣಕೈ ಕೆಳಗೆ ಪೂರ್ತಿ ಸುಕ್ಕು. ಎರಡಕ್ಕೂ ವಯಸ್ಸು ಒಂದೇ ಅಲ್ವಾ? ಆಸ್ಟ್ರೇಲಿಯಾದಲ್ಲಿ 900ಕ್ಕೂ ಹೆಚ್ಚು ಜನರನ್ನು ನಾಲ್ಕೂವರೆ ವರ್ಷ ಗಮನಿಸಿದ ಅಧ್ಯಯನ 2013ರಲ್ಲಿ ಬಂತು. ದಿನಾ ಹಚ್ಚಿದವರಲ್ಲಿ ಚರ್ಮದ ಮುಪ್ಪು, ಮನಸ್ಸು ಬಂದಾಗ ಹಚ್ಚಿದವರಿಗಿಂತ ಶೇ 24ರಷ್ಟು ಕಡಿಮೆ ಇತ್ತು. ಮುಖ, ಕುತ್ತಿಗೆಗೆ ಎರಡು ಬೆರಳುದ್ದ ಬೇಕು. ಮನೆ ಬಿಡುವ ಕಾಲು ಗಂಟೆ ಮುಂಚೆ ಹಚ್ಚಿ. ಸ್ಕಾರ್ಫ್ ಬಿಡಬೇಡಿ.

ಇನ್ನು ಪೆಪ್ಟೈಡ್. ಅದು ಪ್ರೋಟೀನ್ ಕಟ್ಟುವ ಅಮೈನೋ ಆಮ್ಲಗಳ ಚಿಕ್ಕ ಸರ. ಚರ್ಮವನ್ನು ಬಿಗಿಯಾಗಿಡುವ ಪ್ರೋಟೀನ್ ಆದ ಕೊಲಾಜನ್ ಮುರಿದಾಗ ಇಂಥ ತುಂಡುಗಳು ಹುಟ್ಟುತ್ತವೆ. ಅಂಥ ತುಂಡನ್ನೇ ಹೊರಗಿನಿಂದ ಕೊಟ್ಟರೆ ಚರ್ಮ ಹೊಸ ಕೊಲಾಜನ್ ಕಟ್ಟೀತು ಅನ್ನುವುದು ಲೆಕ್ಕಾಚಾರ. ಆದರೆ ಚರ್ಮದ ಮೇಲ್ಪದರ ಸುಲಭಕ್ಕೆ ಒಳಗೆ ಬಿಡುವುದಿಲ್ಲ. ಅದಕ್ಕೇ ಕೊಬ್ಬಿನ ಅಂಶ ಜೋಡಿಸಿ ಪಾಲ್ಮಿಟಾಯ್ಲ್ ಪೆಂಟಾಪೆಪ್ಟೈಡ್-4 ಅನ್ನುವ ಪೆಪ್ಟೈಡ್ ಮಾಡಿದರು. 2005ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ 93 ಹೆಂಗಸರು ಅದನ್ನು 12 ವಾರ ಹಚ್ಚಿದರು. ಸಣ್ಣ ಗೆರೆಗಳು ಸ್ವಲ್ಪ ಕಡಿಮೆಯಾದವು. ಸ್ವಲ್ಪ ಅನ್ನುವ ಮಾತನ್ನು ನೆನಪಿಡಿ. 'ಬೊಟಾಕ್ಸ್ ಥರಾ' ಅನ್ನುವ ಜಾಹೀರಾತು ನಂಬಬೇಡಿ. ಬೊಟಾಕ್ಸ್ ಅಂದರೆ ಸ್ನಾಯು ಸಡಿಲಿಸಿ ಗೆರೆ ತಗ್ಗಿಸುವ ಔಷಧಿ, ಅದನ್ನು ಸೂಜಿಯಲ್ಲಿ ಸ್ನಾಯುವಿಗೇ ಕೊಡುತ್ತಾರೆ, ಇದು ಮೇಲೆ ಸವರುವುದು.

ನಾನೂ ಎರಡು ವರ್ಷದ ಹಿಂದೆ ದುಬಾರಿ ಪೆಪ್ಟೈಡ್ ಕ್ರೀಮ್ ತಂದಿದ್ದೆ. ಚಿತ್ರದುರ್ಗದ ಏಪ್ರಿಲ್ ಬಿಸಿಲಲ್ಲಿ ಬರೀ ಮುಖದಲ್ಲಿ ತಿರುಗುತ್ತಾ ಮೂರು ತಿಂಗಳು ಹಚ್ಚಿದೆ. ಚರ್ಮ ಮೆತ್ತಗಾಯಿತು, ಗೆರೆ ಹಾಗೇ ಉಳಿಯಿತು. ಆ ದುಡ್ಡು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಗೆರೆಗೆ ಪೆಪ್ಟೈಡ್‌ಗಿಂತ ರೆಟಿನಾಯ್ಡ್‌ಗೆ (ವಿಟಮಿನ್ ಎ ಜಾತಿಯ ಔಷಧಿ) ಪುರಾವೆ ಜಾಸ್ತಿ. ಆದರೆ ಬಸುರಿಯರು ಅದನ್ನು ಹಚ್ಚಬಾರದು, ಕೆಲವರಿಗೆ ಉರಿ, ಸಿಪ್ಪೆ ಏಳುವುದೂ ಉಂಟು. ಹಾಗೆ ಉರಿ ತಡೆಯದವರಿಗೆ ಪೆಪ್ಟೈಡ್ ಒಳ್ಳೆಯದೇ. ತಗೊಂಡರೆ ಸುಮ್ನೆ 'ಪೆಪ್ಟೈಡ್' ಅಂತಷ್ಟೇ ಬರೆದದ್ದು ಬೇಡ, ಯಾವ ಪೆಪ್ಟೈಡ್ ಅಂತ ಬಾಟಲಿ ಹಿಂದೆ ಹೆಸರಿರಬೇಕು. ಮೊದಲು ಕಿವಿ ಹಿಂದೆ ಸ್ವಲ್ಪ ಹಚ್ಚಿ ಎರಡು ದಿನ ನೋಡಿ. ಆಮೇಲೆ ಮೂರು ತಿಂಗಳಾದರೂ ಬಿಡದೆ ಹಚ್ಚಿ.

ಕೆನ್ನೆ ಮೇಲೆ ಬಂಗು ಇದ್ದರೆ ಮಾತ್ರ ಇದಕ್ಕೆಲ್ಲ ಕೈ ಹಾಕುವ ಮೊದಲು ಚರ್ಮದ ಡಾಕ್ಟರಿಗೆ ತೋರಿಸಿ. ಅದಕ್ಕೆ ಬೇರೆ ಔಷಧಿ ಬೇಕಾಗುತ್ತದೆ.