ಅಂಟಿನುಂಡಿ ಎಲ್ಲರೂ ಮಾರುತ್ತಾರೆ, ನೀವು ಯಾರಿಗೆ ಮಾರುತ್ತೀರಿ?

ಪ್ರಶ್ನೆ: ಅಣ್ಣಾ, ನಮಸ್ಕಾರ. ನಮ್ಮವ್ವ ಅಂಟಿನುಂಡಿ ಚೆನ್ನಾಗಿ ಕಟ್ಟುತ್ತಾರೆ. ಆನ್‌ಲೈನ್‌ನಲ್ಲಿ ಮಾರೋಣ ಅಂತ ನೋಡಿದರೆ ಆಗಲೇ ನೂರಾರು ಜನ ಮಾರುತ್ತಿದ್ದಾರೆ. ಕೆಲವರ ರೇಟು ನಮ್ಮ ಅಸಲಿಗಿಂತ ಕಡಿಮೆ ಇದೆ. ಪೈಪೋಟಿ ಇಲ್ಲದ, ಲಾಭ ಇರುವ ಸಣ್ಣ ಮಾರುಕಟ್ಟೆ ಹುಡುಕಿಕೊಳ್ಳಿ ಅಂತ ಎಲ್ಲರೂ ಹೇಳುತ್ತಾರೆ. ಅದನ್ನು ಹುಡುಕುವುದು ಹೇಗೆ?
(ಓದುಗರೊಬ್ಬರು, ಗದಗ)

ಉತ್ತರ: ತಂಗಿ, ಪೈಪೋಟಿಯೇ ಇಲ್ಲದ ಕಡೆ ಹೋಗಬೇಡಿ. ಎಷ್ಟೋ ಸಲ ಅಲ್ಲಿ ಅಂಗಡಿ ಇಲ್ಲದಿರುವುದು ಗಿರಾಕಿ ಇಲ್ಲದ್ದಕ್ಕೇ. ನೂರು ಜನ ಉಂಡಿ ಮಾರುತ್ತಿದ್ದಾರೆ ಅಂದರೆ ಕೊಳ್ಳುವವರಂತೂ ಇದ್ದಾರೆ. ಅವರಲ್ಲಿ ಯಾರಿಗೆ ಬೇಕಾದ್ದು ಸರಿಯಾಗಿ ಸಿಗುತ್ತಿಲ್ಲ ಅನ್ನುವುದನ್ನು ನೋಡಿ.

ಹುಬ್ಬಳ್ಳಿಯಲ್ಲಿ ನಮ್ಮದು ಅಪ್ಪನ ಕಾಲದ ಕಿರಾಣಿ ಅಂಗಡಿ. ಬಾಣಂತಿ ಸಾಮಾನಿಗೆ ಜನ ದೂರದಿಂದ ಬರುತ್ತಾರೆ. ಹೆಚ್ಚಾಗಿ ಬರುವವರು ಚೀಟಿ ಹಿಡಿದ ಅಳಿಯಂದಿರು. ಅತ್ತೆ ಬರೆದುಕೊಟ್ಟ ಚೀಟಿ: ಅಂಟು ಪಾವ್ ಕಿಲೋ, ಅಳವಿ 100 ಗ್ರಾಂ, ಉತ್ತತ್ತಿ ಅರ್ಧ ಕಿಲೋ, ಒಣಕೊಬ್ಬರಿ ಒಂದು ಕಿಲೋ, ಗಸಗಸೆ 50. "ಅಂಟು ಅಂದ್ರ ಯಾವುದ್ರೀ?" ಅಂತ ಕೇಳಿ, ತೋರಿಸಿದ್ದರ ಫೋಟೋ ತೆಗೆದು ಮನೆಗೆ ಕಳಿಸಿ, ಅತ್ತೆಯ ಉತ್ತರ ಬರುವ ತನಕ ಕಟ್ಟೆ ಮೇಲೆ ಕೂರುತ್ತಾರೆ.

ಅವರು ಕೇಳುವುದರಲ್ಲಿ ತಪ್ಪಿಲ್ಲ. ಉಂಡಿಗೆ ಬೇಕಾದ್ದು ಜಾಲಿ ಜಾತಿಯ ಮರದ ಅಂಟು. ತುಪ್ಪದಲ್ಲಿ ಹಾಕಿದರೆ ಬಿಳುಪಾಗಿ ಅರಳುತ್ತದೆ, ಬಟ್ಟಲಿನ ತಳದಿಂದ ಒತ್ತಿದರೆ ಪುಡಿಯಾಗುತ್ತದೆ. ಇನ್ನೊಂದು ಗೋಂದ್ ಕತೀರಾ. ಅದು ನೀರಲ್ಲಿ ನೆನೆದು ಉಬ್ಬಿ ಮೆತ್ತಗಾಗುವ ಜಾತಿ, ಬೇಸಿಗೆಯ ಶರಬತ್ತಿಗೆ ಸರಿ, ಉಂಡಿಗೆ ಅಲ್ಲ. ಅಂಟಿಗೆ ಹಿಂದಿಯಲ್ಲಿ ಗೋಂದ್ ಅಂತಾರೆ; ಆನ್‌ಲೈನ್‌ನಲ್ಲಿ ಹಾಗೆ ಹುಡುಕಿದರೆ ಎರಡೂ ಅಕ್ಕಪಕ್ಕ ಬರುತ್ತವೆ. ಗೊತ್ತಿಲ್ಲದವರು ಒಂದರ ಬದಲು ಇನ್ನೊಂದನ್ನು ತರಿಸಿ ತುಪ್ಪ ಹಾಳು ಮಾಡಿಕೊಳ್ಳುತ್ತಾರೆ. ಒಂದು ಕೆಲಸ ಮಾಡಿ. ನೀವು ಮಾರಬೇಕೆಂದಿರುವ ಪದಾರ್ಥಕ್ಕೆ ಒಂದೇ ಸ್ಟಾರ್, ಎರಡೇ ಸ್ಟಾರ್ ಕೊಟ್ಟವರ ರಿವ್ಯೂಗಳನ್ನು ಒಂದು ಸಂಜೆ ಕೂತು ಓದಿ. ಹೊಗಳಿದವರನ್ನು ಬಿಡಿ. ಬೈದವರ ಮಾತಿನಲ್ಲಿ ಮೂರು ಸಲ ಬಂದ ದೂರನ್ನು ಗೆರೆ ಹಾಕಿಟ್ಟುಕೊಳ್ಳಿ.

ಇನ್ನೊಂದು ವಿಷಯ. ಜನ ಯಾವುದನ್ನು ಯಾವಾಗ ಹೆಚ್ಚು ಹುಡುಕುತ್ತಾರೆ ಅಂತ ತೋರಿಸುವ ಗೂಗಲ್ ಟ್ರೆಂಡ್ಸ್‌ನಲ್ಲಿ 'ಗೋಂದ್ ಲಡ್ಡು' ಅಂತ ಹಾಕಿ ನೋಡಿ, ಪುಕ್ಕಟೆ. ಪ್ರತಿ ಚಳಿಗಾಲಕ್ಕೆ ಗೆರೆ ಮೇಲೆ ಹೋಗುತ್ತದೆ, ಬೇಸಿಗೆಗೆ ಇಳಿಯುತ್ತದೆ. ಹೀಗೆ ಹುಡುಕುವವರು ಹೆಚ್ಚಾಗಿ ಚಳಿಗೆ ಅಂತ ತಿನ್ನುವವರು. ಹತ್ತು ಕಡೆ ರೇಟು ಹೋಲಿಸಿ ಅಗ್ಗದ್ದನ್ನು ಆರಿಸುತ್ತಾರೆ. ಆದರೆ ಹೆರಿಗೆಗೆ ಚಳಿಗಾಲ, ಬೇಸಿಗೆ ಅಂತ ಇಲ್ಲ, ಅಲ್ವಾ? ಬಾಣಂತನಕ್ಕೆ ಕೊಳ್ಳುವವರು ವರ್ಷವಿಡೀ ಇರುತ್ತಾರೆ. ಮಗಳಿಗೆ ಕುಬುಸ ಆಯಿತು, ತವರಿಗೆ ಬರುವ ಹಾಗಿಲ್ಲ, ಬೆಂಗಳೂರಿನ ಫ್ಲಾಟ್‌ನಲ್ಲೇ ಬಾಣಂತನ ಅನ್ನುವ ತಾಯಿ ನೂರು ರೂಪಾಯಿಗೆ ಚೌಕಾಸಿ ಮಾಡುವುದಿಲ್ಲ. ಅವರಿಗೆ ಬೇಕಾದ್ದು ಸರಿಯಾದ ಸಾಮಾನು, ಸರಿಯಾದ ಹೊತ್ತಿಗೆ. ಉಂಡಿ ಅದೇ, ಗಿರಾಕಿ ಬೇರೆ. ನಿಮ್ಮ ಸಣ್ಣ ಮಾರುಕಟ್ಟೆ ಇಲ್ಲಿದೆ ಅಂತ ನನ್ನ ಅನಿಸಿಕೆ.

ಈಗ ಲೆಕ್ಕ. ಉದಾಹರಣೆಗೆ ಕಿಲೋ ಉಂಡಿಗೆ 900 ರೂಪಾಯಿ ಇಡಿ. ಸಾಮಾನಿಗೆ 480, ಡಬ್ಬಿ ಮತ್ತು ಲೇಬಲ್‌ಗೆ 45, ಕೊರಿಯರ್‌ಗೆ 90, ಹಣ ಪಡೆಯುವ ಆ್ಯಪ್‌ನ ಕಮಿಷನ್ 18, ಒಡೆದು ಹಾಳಾದದ್ದಕ್ಕೆ 20. ಉಳಿದದ್ದು 247. ಇನ್‌ಸ್ಟಾಗ್ರಾಮ್ ಜಾಹೀರಾತಿಗೆ ಒಂದು ಆರ್ಡರ್‌ಗೆ 150 ಹೋಯಿತು ಅಂದರೆ 97. ಇದರಲ್ಲಿ ಅವ್ವನ ಕೂಲಿ ಇನ್ನೂ ಬರೆದಿಲ್ಲ. ಮನೆಯವರ ದುಡಿಮೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ 'ಲಾಭ' ಅನ್ನುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಅದಕ್ಕೇ ಉಂಡಿಯ ಜೊತೆಗೆ ಉಂಡಿ ಕಟ್ಟುವ ಸಾಮಾನನ್ನೂ ಅಳತೆ ಮಾಡಿ ಒಂದೇ ಡಬ್ಬಿಯಲ್ಲಿ ಕೊಟ್ಟು ನೋಡಿ. ಆರಿಸಿದ ಅಂಟು, ಅಳವಿ, ಗಸಗಸೆ, ತುರಿದ ಕೊಬ್ಬರಿ, ಮತ್ತೆ ಬೀಜ ತೆಗೆದು ಕುಟ್ಟಿದ ಉತ್ತತ್ತಿ. ಉತ್ತತ್ತಿ ಒಡೆಯುವುದು ಎಷ್ಟು ಕಷ್ಟ ಅಂತ ಅವ್ವನನ್ನು ಕೇಳಿ. ಫ್ಲಾಟ್‌ನಲ್ಲಿ ಒರಳು ಎಲ್ಲಿರುತ್ತದೆ? ಆ ಒಂದು ಕೆಲಸ ತಪ್ಪಿಸಿದರೆ ಜನ ಖುಷಿಯಿಂದ ದುಡ್ಡು ಕೊಡುತ್ತಾರೆ. ಕೊಬ್ಬರಿ ಮಾತ್ರ ಆರ್ಡರ್ ಬಂದ ಮೇಲೆ ತುರಿಯಿರಿ, ಜಿಡ್ಡು ವಾಸನೆ ಬಂದರೆ ಇಡೀ ಡಬ್ಬಿ ವಾಪಸ್. ಅವ್ವ ಅಂಟು ಹುರಿಯುವುದನ್ನು ಒಂದು ನಿಮಿಷ ವಿಡಿಯೋ ಮಾಡಿ, ಡಬ್ಬಿಯ ಮೇಲೆ ಅದರ ಕ್ಯೂಆರ್ ಕೋಡ್ ಅಂಟಿಸಿ.

ಒಬ್ಬರೇ ಗಿರಾಕಿ ಪದೇ ಪದೇ ಬರುವ ವ್ಯಾಪಾರ ಇದಲ್ಲ, ಅದು ಗೊತ್ತಿರಲಿ. ಇದು ಬಾಯಿಂದ ಬಾಯಿಗೆ ಹೋಗುವ ವ್ಯಾಪಾರ. ಒಬ್ಬ ಬಾಣಂತಿಗೆ ಹಿಡಿಸಿದರೆ ಅವಳ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿಗೆ ಸುದ್ದಿ ಹೋಗುತ್ತದೆ.

ಕಾಗದಪತ್ರ: ತಿನ್ನುವ ಪದಾರ್ಥ, ಹಾಗಾಗಿ ಆಹಾರ ಸುರಕ್ಷತೆ ನೋಡಿಕೊಳ್ಳುವ ಎಫ್‌ಎಸ್‌ಎಸ್‌ಎಐನ ನೋಂದಣಿ ಬೇಕೇ ಬೇಕು. ಹೊರರಾಜ್ಯಕ್ಕೆ ಮಾರಿದರೆ ವಹಿವಾಟು ಎಷ್ಟೇ ಸಣ್ಣದಿದ್ದರೂ ಜಿಎಸ್‌ಟಿ ನೋಂದಣಿ ಕೇಳುತ್ತಾರೆ. ಪುಣೆ, ಹೈದರಾಬಾದ್ ಆಮೇಲೆ ನೋಡೋಣ, ಬೆಂಗಳೂರಿನಲ್ಲೇ ಬೇಕಾದಷ್ಟು ಗಿರಾಕಿ ಇದ್ದಾರೆ. ಎದೆಹಾಲು ಜಾಸ್ತಿಯಾಗುತ್ತದೆ, ಸೊಂಟನೋವು ಹೋಗುತ್ತದೆ ಅಂತೆಲ್ಲ ಲೇಬಲ್ ಮೇಲೆ ಬರೆಯಬೇಡಿ. ಗೋಡಂಬಿ, ಬಾದಾಮಿ ಹಾಕಿದ್ದರೆ ಎದ್ದು ಕಾಣುವ ಹಾಗೆ ಬರೆಯಿರಿ.

ಮೊದಲು ಹತ್ತು ಡಬ್ಬಿ ಮಾತ್ರ. ದುಡ್ಡು ಮುಂಗಡ. ಬೀಗರು, ಗೆಳತಿಯರು ಕೊಂಡದ್ದು ಲೆಕ್ಕಕ್ಕಿಲ್ಲ, ಮುಖ ನೋಡದವರು ಕೊಂಡರೆ ಮಾತ್ರ ಲೆಕ್ಕ.

ಪ್ರಶ್ನೆ: ಇಳಕಲ್ ಸೀರೆ, ಗುಳೇದಗುಡ್ಡ ಖಣ ಆನ್‌ಲೈನ್‌ನಲ್ಲಿ ಮಾರುತ್ತಿದ್ದೇನೆ. ಸೀರೆ ತುಂಬಾ ವಾಪಸ್ ಬರುತ್ತವೆ. "ಬಣ್ಣ ಬೇರೆ" ಅನ್ನುತ್ತಾರೆ. ಬೇರೆ ಏನಾದರೂ ಹುಡುಕಲೇ?
(ಓದುಗರೊಬ್ಬರು, ಬಾಗಲಕೋಟೆ)

ಉತ್ತರ: ಬೇರೆ ಹುಡುಕಬೇಡಿ ತಮ್ಮಾ, ಕೈಯಲ್ಲಿರುವುದನ್ನು ಇನ್ನೂ ಸಣ್ಣದು ಮಾಡಿ. ಇಳಕಲ್ ಸೀರೆಯಲ್ಲಿ ಪವರ್‌ಲೂಮ್ ಮಾಲೂ ಇದೆ, ಅದರ ರೇಟಿನ ಜೊತೆ ನೀವು ಗುದ್ದಾಡಿ ಗೆಲ್ಲಲಾರಿರಿ. ಖಣವನ್ನು ಹಿಡಿದುಕೊಳ್ಳಿ. ಹಗುರ, ಮಡಚಿದರೆ ಲಕೋಟೆಯಲ್ಲಿ ಹೋಗುತ್ತದೆ, ಅಳತೆಯ ತಕರಾರಿಲ್ಲ. ಕೊರಿಯರ್‌ನವರು ತೂಕದ ಜೊತೆ ಡಬ್ಬಿಯ ಗಾತ್ರವನ್ನೂ ಲೆಕ್ಕ ಹಾಕುತ್ತಾರೆ. ಉದ್ದ, ಅಗಲ, ಎತ್ತರ ಸೆಂಟಿಮೀಟರ್‌ನಲ್ಲಿ ಗುಣಿಸಿ, ಸಾಮಾನ್ಯವಾಗಿ 5000ದಿಂದ ಭಾಗಿಸುತ್ತಾರೆ. ಬಂದ ಕಿಲೋ ನಿಜವಾದ ತೂಕಕ್ಕಿಂತ ಹೆಚ್ಚಿದ್ದರೆ ಅದಕ್ಕೇ ಬಿಲ್ಲು. 30, 20, 15ರ ಡಬ್ಬಿಯಲ್ಲಿ 600 ಗ್ರಾಂ ಸಂಡಿಗೆ ಕಳಿಸಿದರೆ 1.8 ಕಿಲೋದ ಬಿಲ್ಲು ಬರುತ್ತದೆ. ಖಣಕ್ಕೆ ಆ ಕಾಟ ಇಲ್ಲ.

ಯಾರಿಗೆ ಮಾರುವುದು? ಕುಪ್ಪಸಕ್ಕೆ ಕೊಳ್ಳುವವರು ಇದ್ದೇ ಇದ್ದಾರೆ. ಪುಟ್ಟ ಮಕ್ಕಳ ಫ್ರಾಕು, ಚೀಲ, ಪುಸ್ತಕದ ಹೊದಿಕೆಯನ್ನು ಮನೆಯಲ್ಲೇ ಹೊಲಿಯುವ ಟೇಲರ್‌ಗಳನ್ನು ಹಿಡಿಯಿರಿ. ಅವರಿಗೆ ಬೇಕಾದ್ದು ಒಂದೇ ಬಣ್ಣದ ಹತ್ತು ತುಂಡು, ಮುಂದಿನ ತಿಂಗಳು ಮತ್ತೆ ಅದೇ ಬಣ್ಣ. ಅಷ್ಟು ಕೊಟ್ಟರೆ ಅವರು ನಿಮ್ಮನ್ನು ಬಿಡುವುದಿಲ್ಲ.

ಫೋಟೋವನ್ನು ಟ್ಯೂಬ್‌ಲೈಟ್ ಕೆಳಗೆ ತೆಗೆಯಬೇಡಿ. ಬೆಳಗ್ಗೆ ಬಾಗಿಲ ಹತ್ತಿರ, ಬಿಸಿಲು ನೇರ ಬೀಳದ ಕಡೆ ಹಾಸಿ ತೆಗೆಯಿರಿ. ಫಿಲ್ಟರ್ ಬೇಡ. ಖಣದಲ್ಲಿ ನೇಯ್ದ ಹೂವಿನ ಪಕ್ಕ ಐದು ರೂಪಾಯಿ ನಾಣ್ಯ ಇಡಿ, ಹೂವು ಎಷ್ಟು ದೊಡ್ಡದು ಅಂತ ತಿಳಿಯುತ್ತದೆ. ಎರಡು ಬಣ್ಣದ ನೂಲು ಸೇರಿ ಹೊಳೆಯುವ ಖಣ ಆದರೆ ಎರಡೂ ಕೋನದಿಂದ ತೆಗೆದು, "ತಿರುಗಿಸಿದರೆ ಹಸಿರು ಕಾಣುತ್ತದೆ" ಅಂತ ಬರೆದೇಬಿಡಿ. ವಾಪಸ್ ಬರುವುದು ಕಡಿಮೆಯಾಗುತ್ತದೆ.

ಪ್ರಶ್ನೆ: ಲಾಭದ ಸಣ್ಣ ಮಾರುಕಟ್ಟೆ ಹುಡುಕಿಕೊಡುವ ಕೋರ್ಸ್ ಅಂತೆ, ಸಾವಿರಾರು ರೂಪಾಯಿ ಫೀ. ಸೇರಲೇ?
(ಓದುಗರೊಬ್ಬರು, ದಾವಣಗೆರೆ)

ಉತ್ತರ: ಬೇಡ. ಅವರು ಒಳ್ಳೆಯ ಮಾರುಕಟ್ಟೆ ಹುಡುಕಿಕೊಂಡಿದ್ದಾರೆ, ಅದು ನೀವೇ. ಆ ದುಡ್ಡಲ್ಲಿ ಹತ್ತು ಗಿರಾಕಿಗೆ ಆಗುವಷ್ಟು ಮಾಲು ತನ್ನಿ. ಏನು ಮಾರಬೇಕು ಅಂತ ಪತ್ರದಲ್ಲಿ ನೀವು ಬರೆದೇ ಇಲ್ಲ. ಊರು, ಕೈಯಲ್ಲಿರುವ ದುಡ್ಡು, ಮನೆಯಲ್ಲಿ ಯಾರಿಗೆ ಯಾವ ಕೆಲಸ ಬರುತ್ತದೆ, ಇಷ್ಟು ಬರೆದು ಕಳಿಸಿ, ಮುಂದಿನ ಸಂಚಿಕೆಯಲ್ಲಿ ನೋಡೋಣ.