ರೀಲ್ಸ್ ಜೋಡಿ ಬೇರೆ ಆದ್ರೆ ಫಾಲೋವರ್ಸ್‌ಗೆ ಲೆಕ್ಕ ಕೊಡ್ಬೇಕಾ?

ಈ ಸಲ ಬಂದಿರೋ ಪತ್ರ, ಮೇಲ್, ವಾಟ್ಸಾಪ್ ಎಲ್ಲಾ ಮುಂದೆ ಹಾಕ್ಕೊಂಡು ಕೂತ್ರೆ ಮುಕ್ಕಾಲು ಪಾಲು ಒಂದೇ ಜೋಡಿ ಬಗ್ಗೆ ಇವೆ. ಗಂಡ ಗಿಟಾರ್ ಹಿಡ್ಕೊಂಡು, ಹೆಂಡ್ತಿ ಸತ್ಯವೇದ ಅಂದ್ರೆ ಬೈಬಲ್ ಹಿಡ್ಕೊಂಡು ದಿನಾ ಬೆಳಿಗ್ಗೆ ರೀಲ್ಸ್ ಹಾಕ್ತಿದ್ರಲ್ಲ, ಕ್ರೈಸ್ತ ದಾಂಪತ್ಯ ಅಂತ ಆನ್‌ಲೈನ್ ಕೋರ್ಸೂ ನಡೆಸ್ತಿದ್ರಲ್ಲ, ಅವರು ಹೋದ ತಿಂಗಳು ನಾವು ಬೇರೆ ಆಗಿದ್ದೀವಿ ನಮಗೋಸ್ಕರ ಪ್ರಾರ್ಥನೆ ಮಾಡಿ ಅಂತ ಒಂದು ಪೋಸ್ಟ್ ಹಾಕಿ ಕಾಮೆಂಟ್ ಆಫ್ ಮಾಡ್ಬಿಟ್ರು. ಹೆಸರು ನಾನಿಲ್ಲಿ ಬರೆಯಲ್ಲ, ನಿಮ್ಮ ಪತ್ರಗಳಿಂದಲೂ ತೆಗೆದಿದ್ದೀನಿ. ಗೊತ್ತಿರೋರಿಗೆ ಗೊತ್ತು, ಗೊತ್ತಿಲ್ದೋರು ಹುಡುಕೋಕೆ ಹೋಗ್ಬೇಡಿ.

ಪ್ರಶ್ನೆ: ಅಕ್ಕಾ, ನಮ್ಮದು ಕೆಜಿಎಫ್. ಮದುವೆಯಾಗಿ ಒಂಬತ್ತು ವರ್ಷ, ಇಬ್ರು ಮಕ್ಕಳು. ನಮ್ಮ ಮನೆಯವ್ರು ಮಾರಿಕುಪ್ಪಂ ಟ್ರೈನಲ್ಲಿ ಬೆಂಗಳೂರಿಗೆ ಕೆಲಸಕ್ಕೆ ಹೋಗ್ತಾರೆ, ರಾತ್ರಿ ಬರೋವಾಗ ಕುಡ್ಕೊಂಡೇ ಬರೋದು. ಒಂದೆರಡು ಸಲ ಕೈನೂ ಎತ್ತಿದ್ದಾರೆ. ಆ ಜೋಡಿ ಕೋರ್ಸಿಗೆ ದುಡ್ಡು ಕಟ್ಟಿ ಸೇರ್ಕೊಂಡಿದ್ದೆ. ಹೆಂಡ್ತಿ ತಾಳ್ಕೊಂಡು ಪ್ರಾರ್ಥನೆ ಮಾಡಿದ್ರೆ ಗಂಡ ಒಂದಿನ ಸರಿ ಹೋಗೇ ಹೋಗ್ತಾನೆ ಅಂತ ಆಯಮ್ಮ ಹೇಳಿದ್ಳು, ನಾನೂ ತಾಳ್ಕೊಂಡೆ. ಈಗ ಅವಳ ಕೈಲೇ ತಾಳಕ್ಕಾಗಿಲ್ಲ. ನನಗೆ ಅಳು ಬರತ್ತಾ ಕೋಪ ಬರತ್ತಾ ಅಂತಾನೇ ಗೊತ್ತಾಗ್ತಿಲ್ಲ. ನಮ್ಮ ಪ್ರೇಯರ್ ಗ್ರೂಪಲ್ಲಿ ಎಲ್ರೂ ಅವರು ನಮಗೆ ಉತ್ತರ ಹೇಳ್ಬೇಕು ಅಂತಾವ್ರೆ. ಹೇಳ್ಬೇಕಲ್ವಾ?

ಉತ್ತರ: ಒಂದು ವಿಷಯಕ್ಕೆ ಹೇಳ್ಬೇಕು ತಂಗಿ, ಇನ್ನೊಂದಕ್ಕೆ ಬೇಡ. ಅವರು ಯಾಕೆ ಬೇರೆ ಆದ್ರು, ತಪ್ಪು ಯಾರ್ದು, ಮಧ್ಯದಲ್ಲಿ ಇನ್ಯಾರಾದ್ರೂ ಇದ್ರಾ, ಇದ್ಯಾವುದನ್ನೂ ಕೇಳೋ ಹಕ್ಕು ನಿಮಗೂ ಇಲ್ಲ ನನಗೂ ಇಲ್ಲ. ಆದ್ರೆ ದುಡ್ಡು ತಗೊಂಡು ಪಾಠ ಹೇಳಿದ್ರಲ್ಲ, ಆ ಪಾಠದ ಬಗ್ಗೆ ಕೇಳ್ಬಹುದು, ಕೇಳಲೇಬೇಕು. ನೀವು ಹೇಳ್ಕೊಟ್ಟಿದ್ದನ್ನ ಈಗ್ಲೂ ಸರಿ ಅಂತೀರಾ, ಹೊಡೆಯೋ ಗಂಡನ್ನ ತಾಳ್ಕೋ ಅಂದ್ರಲ್ಲ ಅದನ್ನ ವಾಪಸ್ ತಗೋತೀರಾ, ಇಷ್ಟು ಕೇಳೋಕೆ ಅವರ ಬೆಡ್‌ರೂಮಿಗೆ ಹೋಗೋ ಅಗತ್ಯವೇ ಇಲ್ಲ.

ಇಂಥದ್ದು ಮೊದಲ ಸಲ ಆಗ್ತಿರೋದಲ್ಲ. ಅಮೆರಿಕದಲ್ಲಿ ಜೋಶುವಾ ಹ್ಯಾರಿಸ್ ಅಂತ ಒಬ್ರು, 1997ರಲ್ಲಿ ಕ್ರೈಸ್ತ ಹುಡುಗ ಹುಡುಗೀರು ಡೇಟಿಂಗ್ ಮಾಡ್ಬಾರ್ದು ಅಂತ ಪುಸ್ತಕ ಬರೆದ್ರು, ಆಗ ಅವರಿಗಿನ್ನೂ ಮದುವೆನೇ ಆಗಿರ್ಲಿಲ್ಲ ನೋಡಿ. ಹತ್ತು ಲಕ್ಷಕ್ಕೂ ಜಾಸ್ತಿ ಪ್ರತಿ ಖರ್ಚಾಯ್ತು, ಎಷ್ಟೋ ಚರ್ಚ್‌ಗಳಲ್ಲಿ ಅದೇ ರೂಲು ಅನ್ನೋ ಥರ ಆಯ್ತು. ಓದಿ ಬೆಳೆದೋರು ದೊಡ್ಡವರಾದ್ಮೇಲೆ ನಮ್ಮ ಜೀವನ ಹಾಳಾಯ್ತು ಅಂತ ಬರೆಯೋಕೆ ಶುರು ಮಾಡಿದ್ರು, 2018ರಲ್ಲಿ ಆತ ಪುಸ್ತಕ ಪ್ರಿಂಟ್ ಮಾಡೋದು ನಿಲ್ಲಿಸಿ ಅಂದ್ರು, ಕ್ಷಮೆನೂ ಕೇಳಿದ್ರು. 2019ರಲ್ಲಿ ಇನ್‌ಸ್ಟಾಗ್ರಾಂನಲ್ಲೇ ನಾನೂ ಹೆಂಡ್ತಿನೂ ಬೇರೆ ಆಗ್ತಿದ್ದೀವಿ ಅಂದ್ರು, ಸ್ವಲ್ಪ ದಿನಕ್ಕೆ ನಾನೀಗ ಕ್ರೈಸ್ತನೇ ಅಲ್ಲ ಅಂದ್ರು. ಅಲ್ಲಿಗೆ ಮುಗೀತಾ ಅಂದ್ರೆ ಇಲ್ಲ, 2021ರಲ್ಲಿ ಆ ನಂಬಿಕೆಯಿಂದ ಹೊರಗೆ ಬರೋದು ಹೇಗೆ ಅಂತ 275 ಡಾಲರ್‌ಗೆ ಇನ್ನೊಂದು ಕೋರ್ಸ್ ಮಾರೋಕೆ ಹೊರಟ್ರು, ಜನ ಉಗಿದ್ಮೇಲೆ ವಾಪಸ್ ತಗೊಂಡ್ರು. ನಂಬಿಕೆ ಹೋದ್ರೂ ಕೋರ್ಸ್ ಮಾರೋ ಅಭ್ಯಾಸ ಹೋಗಿರ್ಲಿಲ್ಲ! ಇದರಲ್ಲಿ ನನಗೆ ಮುಖ್ಯ ಅನ್ಸೋದು 2018ರ ಕೆಲಸ. ಡೈವೋರ್ಸ್ ಅವರ ಮನೆ ವಿಷಯ, ಆದ್ರೆ ಪುಸ್ತಕ ನಿಲ್ಸಿದ್ದು ಓದುಗರಿಗೆ ಕೊಟ್ಟ ಲೆಕ್ಕ. ನಮ್ಮ ಜೋಡಿ ಕಾಮೆಂಟ್ ಆಫ್ ಮಾಡಿದ್ರೆ ನನ್ನ ತಕರಾರಿಲ್ಲ, ಕೋರ್ಸ್ ಲಿಂಕ್ ಮಾತ್ರ ಆನ್ ಇಟ್ಟಿದ್ರೆ ತಕರಾರಿದೆ.

ದುಡ್ಡು ವಾಪಸ್ ಬರತ್ತಾ ಅಂತ ಗ್ರೂಪಲ್ಲಿ ಯಾರಾದ್ರೂ ಕೇಳಿದ್ರೆ, ಅವರು ಬೇರೆ ಆದ್ರು ಅನ್ನೋ ಒಂದೇ ಕಾರಣಕ್ಕೆ ಬರೋದು ಕಷ್ಟ. ಕಟ್ಟಿಸ್ಕೊಂಡ ಕ್ಲಾಸ್ ಕೊಡದೇ ಇದ್ರೆ ಮಾತ್ರ 1915, ಅದು ಗ್ರಾಹಕರ ಸಹಾಯವಾಣಿ, ಅಲ್ಲಿ ದೂರು ಕೊಡಿ.

ಈಗ ನಿಮ್ಮ ವಿಷಯ. ಪತ್ರದಲ್ಲಿ ಆ ಜೋಡಿ ಬಗ್ಗೆ ಅಷ್ಟುದ್ದ ಇದೆ, ಕೈ ಎತ್ತಿದ್ದಾರೆ ಅನ್ನೋದು ಒಂದೇ ಸಾಲು. ನನಗೆ ಕಂಡಿದ್ದು ಆ ಸಾಲೇ. ಆಯಮ್ಮ ಗಂಡನ್ನ ಬಿಟ್ಳು ಅಂತ ನೀವೂ ಬಿಡ್ಬೇಕಾಗಿಲ್ಲ, ಅವಳು ಬಿಡದೇ ಇದ್ದಿದ್ರೆ ನೀವು ಹೊಡೆಸ್ಕೊಂಡೇ ಇರ್ಬೇಕು ಅಂತಾನೂ ಇರ್ಲಿಲ್ಲ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ಯಾವ ಧರ್ಮದ ಹೆಂಗಸಿಗೂ ಅನ್ವಯ ಆಗತ್ತೆ, ಅದಕ್ಕೆ ಡೈವೋರ್ಸ್ ಹಾಕ್ಲೇಬೇಕು ಅಂತಿಲ್ಲ. ಮನೇಲೇ ಇದ್ಕೊಂಡು ಹೊಡೀಬಾರ್ದು ಅಂತ ಕೋರ್ಟಿಂದ ಆರ್ಡರ್ ತರ್ಬಹುದು. 181ಕ್ಕೆ ಫೋನ್ ಮಾಡಿದ್ರೆ ದಾರಿ ಹೇಳ್ತಾರೆ, ತುರ್ತು ಅಂದ್ರೆ 112. ಹೆಂಗಸ್ರಿಗೆ ಸಂಬಳ ಎಷ್ಟೇ ಇದ್ರೂ ಕಾನೂನು ಸೇವಾ ಪ್ರಾಧಿಕಾರದಲ್ಲಿ ಲಾಯರ್ ಫ್ರೀ, ನಂಬರ್ 15100. ಕುಡಿತ ಬಿಡಿಸೋಕೆ ಪ್ರಾರ್ಥನೆ ಮಾಡಿ, ಯಾರು ಬೇಡ ಅಂದ್ರು, ಜೊತೆಗೆ ಡಾಕ್ಟರ್ ಹತ್ರನೂ ಕರ್ಕೊಂಡು ಹೋಗಿ.

ಪ್ರಶ್ನೆ: ಮೇಡಂ, ತುಮಕೂರು. ನಂದೊಂದು ಸಣ್ಣ ಯೂಟ್ಯೂಬ್ ಚಾನೆಲ್ ಇದೆ. ಅವರ ಹಳೇ ವಿಡಿಯೋ ಕಟ್ ಮಾಡಿ, ಇಲ್ಲಿ ಅವಳ ಮುಖ ನೋಡಿ, ಇಲ್ಲಿ ಅವನು ಫೋನ್ ಹೆಂಗೆ ಮುಚ್ಚಿಟ್ಟ ನೋಡಿ ಅಂತ ಮಾಡಿದ್ದೆ. ಯಾವತ್ತೂ ಬರದಷ್ಟು ವ್ಯೂಸ್ ಬಂತು. ಈಗ ಲಾಯರ್ ನೋಟಿಸ್ ಕಳಿಸ್ತೀವಿ ಅಂತಾವ್ರೆ. ಪಬ್ಲಿಕ್ ಫಿಗರ್ ಅಂದ್ಮೇಲೆ ಮಾತಾಡ್ಬಾರ್ದಾ?

ಉತ್ತರ: ಮಾತಾಡಪ್ಪ, ಅವರು ಮಾತಾಡಿದ್ದರ ಬಗ್ಗೆ ಮಾತಾಡು. ಅವರ ಕೋರ್ಸಲ್ಲಿ ಏನ್ ಹೇಳಿದ್ರು, ಬೈಬಲ್ಲಲ್ಲಿ ಏನಿದೆ, ಎರಡೂ ಪಕ್ಕ ಇಟ್ಟು ಒಂದು ಗಂಟೆ ಟೀಕೆ ಮಾಡು, ನಾನೇ ಕೂತು ನೋಡ್ತೀನಿ. ನೀನು ಮಾಡಿರೋದು ಅದಲ್ಲ. ಎರಡು ಸೆಕೆಂಡ್ ಮುಖ ಸಪ್ಪಗಿತ್ತು ಅಂತ ಅದಕ್ಕೆ ಕೆಂಪು ರೌಂಡ್ ಹಾಕಿ ಅಕ್ರಮ ಸಂಬಂಧ ಅಂದಿದ್ದೀಯ. ಅವತ್ತು ಅವಳಿಗೆ ಹಲ್ಲು ನೋವಿತ್ತೇನೋ!

2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 356ನೇ ಸೆಕ್ಷನ್ ಮಾನಹಾನಿಯದ್ದು, ಎರಡು ವರ್ಷದವರೆಗೂ ಜೈಲು ಆಗ್ಬಹುದು. ನಾನು ಹೇಳಿದ್ದು ನಿಜ ಅಂದ್ರೆ ಸಾಲಲ್ಲ, ಅದನ್ನ ಹೇಳಿದ್ದು ಸಾರ್ವಜನಿಕ ಹಿತಕ್ಕೆ ಅಂತಾನೂ ತೋರಿಸ್ಬೇಕು. ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದ ಆ ಕೇಸು ಹಾಕಿದ್ದೇ ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ಜಡ್ಜು ಕೆ.ಎಸ್. ಪುಟ್ಟಸ್ವಾಮಿಯವರು. ಕ್ರೈಸ್ತರ ಡೈವೋರ್ಸ್ ಕಾಯ್ದೆ 1869ರದ್ದು, ಅದರಲ್ಲೇ 53ನೇ ಸೆಕ್ಷನ್ ಪ್ರಕಾರ ಜಡ್ಜು ಬೇಕು ಅಂದ್ರೆ ಬಾಗಿಲು ಹಾಕ್ಕೊಂಡು ವಿಚಾರಣೆ ಮಾಡ್ಬಹುದು. ಕೋರ್ಟೇ ಬಾಗಿಲು ಹಾಕ್ಕೊಳ್ಳೋ ವಿಷಯನ ನೀನು ಥಂಬ್‌ನೇಲ್ ಮಾಡಿ ಹಾಕಿದ್ದೀಯ. ಅವರ ಮಗು ಮುಖ ಬೇರೆ ಅದರಲ್ಲಿದೆ, ಬ್ಲರ್ ಕೂಡ ಮಾಡಿಲ್ಲ. ಮಗು ಮುಖ ಇವತ್ತೇ ತೆಗಿ, ಮಿಕ್ಕಿದ್ದನ್ನ ನಾಳೆ ಲಾಯರಿಗೆ ತೋರಿಸಿ ತೆಗಿ.

ಪ್ರಶ್ನೆ: ಅಮ್ಮಾ, ನಾನು ಚಿಂತಾಮಣಿ ಕಡೆಯೋನು, ನಮ್ಮ ಚರ್ಚ್ ಸಭೆಯ ಕಮಿಟಿಯಲ್ಲಿದ್ದೀನಿ. ಆ ರೀಲ್ಸ್ ಜೋಡಿಯ ಹುಡುಗಿ ತವರಿಗೆ ಬಂದವ್ಳೆ, ಅವಳು ಮೊದಲಿಂದಾನೂ ನಮ್ಮ ಸಭೆಯವಳೇ. ಸಂಡೇ ಸ್ಕೂಲಲ್ಲಿ ಪಾಠ ಮಾಡ್ತೀನಿ ಅಂದ್ರೆ ಮಕ್ಕಳಿಗೆ ಕೆಟ್ಟ ಮಾದರಿ ಆಗತ್ತೆ ಬೇಡ ಅಂತ ಕೆಲವರು. ಗಂಡನ್ನ ಮಾತ್ರ ಉಪವಾಸ ಕೂಟಗಳಿಗೆ ಹಾಡಕ್ಕೆ ಈಗ್ಲೂ ಕರೀತಾವ್ರೆ. ದೇವರು ಕೂಡಿಸಿದ್ದನ್ನ ಮನುಷ್ಯರು ಅಗಲಿಸಬಾರದು ಅಂತ ಬೈಬಲ್ಲಿನ ಮತ್ತಾಯ 19ರಲ್ಲಿ ಇದೆಯಲ್ಲಾ, ನಾವೇನ್ ಮಾಡೋದು?

ಉತ್ತರ: ಅಣ್ಣಾ, ಪ್ರಶ್ನೆ ಒಳಗೇ ಉತ್ತರ ಇಟ್ಟು ಕಳಿಸಿದ್ದೀರ. ಅವನು ಹಾಡ್ಬಹುದು, ಅವಳು ಪಾಠ ಮಾಡ್ಬಾರ್ದು ಅಂದ್ರೆ ಅದು ಮತ್ತಾಯ 19 ಅಲ್ಲ, ಊರ ಪದ್ಧತಿ. ಅಗಲಿದ್ದು ಇಬ್ರೂ ತಾನೇ? ಬೇಡ ಅನ್ನೋದಾದ್ರೆ ಇಬ್ರಿಗೂ ಬೇಡ ಅನ್ನಿ.

ಮತ್ತಾಯ 19 ತೆಗೆದೋರು ಒಂದು ಅಧ್ಯಾಯ ಹಿಂದಕ್ಕೂ ಹೋಗ್ಲಿ. 18ರಲ್ಲಿ, ಸಹೋದರ ತಪ್ಪು ಮಾಡಿದ್ರೆ ಮೊದಲು ನೀನೊಬ್ಬನೇ ಹೋಗಿ ಮಾತಾಡು, ಕೇಳ್ಲಿಲ್ಲಾಂದ್ರೆ ಒಬ್ರಿಬ್ರನ್ನ ಕರ್ಕೊಂಡು ಹೋಗು, ಆಮೇಲೆ ಸಭೆಗೆ ಹೇಳು ಅಂತ ವರಸೆಯಾಗಿ ಇದೆ. ನಿಮ್ಮ ಕಮಿಟಿಯವರಲ್ಲಿ ಯಾರಾದ್ರೂ ಅವಳ ಮನೆಗೆ ಹೋಗಿ ಕೂತು ಊಟ ಆಯ್ತೇನಮ್ಮ ಅಂತ ಕೇಳಿದ್ದಾರಾ? ಇಲ್ಲ ಅಂತ್ಲೇ ಅನ್ಸತ್ತೆ, ಇದ್ದಿದ್ರೆ ನೀವು ಬರೀತಿದ್ರಿ. ನೆರೆಯವನ ಮೇಲೆ ಸುಳ್ಳು ಸಾಕ್ಷಿ ಹೇಳಬಾರದು ಅನ್ನೋ ಆಜ್ಞೆನ ಕ್ಯಾಥೊಲಿಕರು ಎಂಟನೇದು ಅಂತ ಎಣಿಸ್ತಾರೆ, ಸಿಎಸ್‌ಐ, ಮೆಥಡಿಸ್ಟ್ ಥರದ ಪ್ರೊಟೆಸ್ಟಂಟ್ ಚರ್ಚ್‌ನೋರು ಒಂಬತ್ತನೇದು ಅಂತಾರೆ. ಎಷ್ಟನೇದಾದ್ರೂ ಸರಿ, ಫಾರ್ವರ್ಡ್ ಮಾಡೋ ಮುಂಚೆ ಎಲ್ರೂ ಮರೀತಾರೆ.

ಕೆಟ್ಟ ಮಾದರಿ ಅನ್ನೋರಿಗೆ ಬೈಬಲ್ಲಿನ ದಾವೀದ ರಾಜನ ಸಂಸಾರ ನೆನಪು ಮಾಡಿ. ಬೇರೆಯವನ ಹೆಂಡ್ತಿನ ಕರೆಸ್ಕೊಂಡು, ಅವಳ ಗಂಡನ್ನ ಯುದ್ಧದಲ್ಲಿ ಮುಂದೆ ನಿಲ್ಲಿಸಿ ಸಾಯ್ಸಿದ್ದು ಎರಡನೇ ಸಮುವೇಲ 11ರಲ್ಲೇ ಇದೆ, ಆದ್ರೂ ಭಾನುವಾರ ಅವನ ಕೀರ್ತನೆ ಬಿಟ್ಟು ಯಾವ ಸಭೆನೂ ನಡೆಯಲ್ಲ. ಈ ಹುಡುಗಿ ಯಾರನ್ನೂ ಸಾಯ್ಸಿಲ್ಲ. ಕ್ಯಾಮೆರಾ ಇಲ್ದೆ, ದುಡ್ಡಿಲ್ದೆ ಹತ್ತು ಮಕ್ಕಳಿಗೆ ಪಾಠ ಹೇಳ್ತೀನಿ ಅಂತ ತಾನಾಗೇ ಬಂದವ್ಳೆ. ಆದ್ರೆ ಅವಳು ಈಗ್ಲೇ ದಂಪತಿಗಳ ಕೂಟ ನಡೆಸ್ತೀನಿ ಅಂದ್ರೆ ಸ್ವಲ್ಪ ದಿನ ಬೇಡಮ್ಮ ಅನ್ನಿ, ಅದೇ ಮಾತು ಅವನಿಗೂ ಹೇಳಿ.

ಪ್ರಶ್ನೆ: ಚರ್ಚಲ್ಲಿ ಮದುವೆ ರದ್ದಾದ್ರೆ ಕೋರ್ಟಿಗೆ ಹೋಗ್ಬೇಕಾಗಿಲ್ಲ, ಅದಕ್ಕೇ ಅವರು ಇಷ್ಟು ಬೇಗ ಬೇರೆ ಆಗಿದ್ದು ಅಂತ ನಮ್ಮ ಅಪಾರ್ಟ್‌ಮೆಂಟಲ್ಲಿ ವಾದ ನಡೀತಿದೆ. ಹೌದಾ? (ಕೋಲಾರ)

ಉತ್ತರ: ಅವರದ್ದು ನನಗೆ ಬೇಡ, ಕಾನೂನು ಹೇಳ್ತೀನಿ. ಚರ್ಚಿನ ರದ್ದತಿ ಚರ್ಚ್ ಒಳಗೆ ಮಾತ್ರ. ಸುಪ್ರೀಂ ಕೋರ್ಟ್ 1996ರಲ್ಲಿ ಮೋಲಿ ಜೋಸೆಫ್ ಕೇಸಲ್ಲಿ ಇದನ್ನ ಸ್ಪಷ್ಟವಾಗಿ ಹೇಳಿದೆ. ಇಬ್ರೂ ಒಪ್ಪಿ ಬೇರೆ ಆಗೋ ದಾರಿ ಕ್ರೈಸ್ತರ ಕಾಯ್ದೆಗೆ ಬಂದಿದ್ದೇ 2001ರ ತಿದ್ದುಪಡಿಯಲ್ಲಿ, ಅದು 10ಎ ಸೆಕ್ಷನ್. ಎರಡು ವರ್ಷ ಬೇರೆ ಇದ್ದಿರ್ಬೇಕು ಅಂತ ಅದರಲ್ಲಿ ಬರೆದಿದೆ. ಹಿಂದೂ, ಪಾರ್ಸಿಗಳಿಗೆ ಒಂದೇ ವರ್ಷ ಇವರಿಗ್ಯಾಕೆ ಎರಡು ಅಂತ ಪ್ರಶ್ನೆ ಬಂದಾಗ ಕೇರಳ ಹೈಕೋರ್ಟ್ 2010ರಲ್ಲಿ ಒಂದು ವರ್ಷ ಅಂತ ಓದ್ಕೊಳ್ಳಿ ಅಂದಿತು, ನಮ್ಮ ಹೈಕೋರ್ಟೂ ಆಮೇಲೆ ಅದನ್ನೇ ಒಪ್ಪಿತು. ಅರ್ಜಿ ಹಾಕಿದ್ಮೇಲೆ ಕಾಯೋದಕ್ಕೆ ಇನ್ನೂ ಆರು ತಿಂಗಳು ಅಂತ ಕಾಯ್ದೆಯಲ್ಲಿದೆ. ಕೋರ್ಟ್ ಡಿಕ್ರಿ, ಅಂದ್ರೆ ಡೈವೋರ್ಸ್ ಆಯ್ತು ಅನ್ನೋ ಆರ್ಡರ್ ಇಲ್ದೆ ಚರ್ಚಿನ ಪೇಪರ್ ಒಂದನ್ನೇ ಹಿಡ್ಕೊಂಡು ಇನ್ನೊಂದು ಮದುವೆ ಆದ್ರೆ ನ್ಯಾಯ ಸಂಹಿತೆ 82ನೇ ಸೆಕ್ಷನ್ ಪ್ರಕಾರ ಏಳು ವರ್ಷದವರೆಗೂ ಜೈಲು. ಅದೇ ಕ್ಯಾಥೊಲಿಕರಾದ್ರೆ ಬರೀ ಡಿಕ್ರಿ ತೋರಿಸಿದ್ರೆ ಫಾದರ್ ಎರಡನೇ ಮದುವೆ ಮಾಡ್ಸಲ್ಲ, ಅವರಿಗೆ ಎರಡೂ ಕಾಗದ ಬೇಕು.